ರೆಂಬೆ ಹಿಡಿದ ಕೈಯ ದಣಿವು: ಮೂಡಿಗೆರೆ ಕಡೆಯ ರೋಬಸ್ಟಾ ತೋಟದ ಒಂದು ಪ್ರಕರಣ

ಮೂಡಿಗೆರೆ ತಾಲ್ಲೂಕಿನ ಒಂದು ರೋಬಸ್ಟಾ ಕಾಫಿ ತೋಟ. ಗಿಡಗಳು ಹಳೆಯ ಪೆರಡೇನಿಯಾ ತಳಿಯವು. ಕೆಲವು ವರ್ಷ ತಲೆ ಕತ್ತರಿಸದೆ ಬಿಟ್ಟಿದ್ದರಿಂದ ಏಳು ಅಡಿ ದಾಟಿವೆ. ಜನವರಿ ಕೊನೆಯ ವಾರ, ಹಣ್ಣು ಒಟ್ಟಿಗೇ ಕೆಂಪಾಗಿದೆ, ಹೂಮಳೆ ಬೀಳುವುದರೊಳಗೆ ಕೊಯ್ಲು ಮುಗಿಯಬೇಕು. ಆದರೆ ಊಟದ ನಂತರ ಕೊಯ್ಲಿನ ತೂಕ ಇಳಿಯುತ್ತಿದೆ, ಸಂಜೆ ಲೈನಿಗೆ (ಕೆಲಸಗಾರರ ಸಾಲುಮನೆಗೆ) ಮರಳುವ ಹೆಂಗಸರು ಕತ್ತು, ಹೆಗಲು ಸೆಳೆತ ಅನ್ನುತ್ತಿದ್ದಾರೆ. ಇಡೀ ದಿನ ಹಣ್ಣು ಕೀಳುವ ಬಲಗೈ ಸೋಲುತ್ತಿದೆ ಎಂಬುದು ಮಾಲೀಕರ ಊಹೆ. ಮೇಸ್ತ್ರಿಯ ಪ್ರಕಾರ ಇದೆಲ್ಲ ಬಿಸಿಲಿನ ಆಟ. ಕೇಳಿದರೆ ಕೆಲಸಗಾರರದು ಒಂದೇ ಮಾತು: "ಏನಿಲ್ಲ ಬಿಡಿ, ಮಾಮೂಲು."

ನಿಜಕ್ಕೂ ದಣಿಯುತ್ತಿರುವುದು ಯಾವ ಕೈ ಎಂದು, ಹೆಗಲಿಗೆ ಸೆನ್ಸರ್ ಅಂಟಿಸಿ ಸ್ನಾಯುವಿನ ವಿದ್ಯುತ್ ಸಂಕೇತ ಅಳೆದು ನೋಡುವ ಪ್ರಕರಣ ಇದು. ತೋಟ ಮತ್ತು ಕೆಳಗೆ ಬರುವ ಅಳತೆಯ ಅಂಕಿಗಳನ್ನು ವಿಧಾನ ವಿವರಿಸಲೆಂದು ಮಾದರಿಯಾಗಿ ಕಟ್ಟಿಕೊಳ್ಳಲಾಗಿದೆ. ಕೆಲಸದ ರೀತಿ, ಉಪಕರಣದ ಗುಣ, ಎಡವುವ ಜಾಗಗಳು ವಾಸ್ತವದವು.

ಕೆಲಸವನ್ನು ಮೊದಲು ನೋಡಬೇಕು

ಸೆನ್ಸರ್ ಅಂಟಿಸುವ ಮೊದಲು ಹತ್ತು ನಿಮಿಷ ಸುಮ್ಮನೆ ನಿಂತು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಎತ್ತರದ ರೋಬಸ್ಟಾ ಗಿಡದಲ್ಲಿ ಎರಡು ಕೈಗೂ ಒಂದೇ ಕೆಲಸವಿಲ್ಲ. ಒಂದು ಕೈ ಮೇಲಿನ ರೆಂಬೆಯನ್ನು ಬಗ್ಗಿಸಿ ಹಿಡಿದಿರುತ್ತದೆ, ಇನ್ನೊಂದು ಕೈ ಗೊಂಚಲಿನಿಂದ ಹಣ್ಣು ಬಿಡಿಸಿ ಸೊಂಟಕ್ಕೆ ಕಟ್ಟಿದ ಚೀಲಕ್ಕೆ ಹಾಕುತ್ತದೆ. ಕೀಳುವ ಕೈ ಪ್ರತಿ ಹಿಡಿಗೊಮ್ಮೆ ಕೆಳಗಿಳಿಯುತ್ತದೆ, ಆ ಕ್ಷಣ ಅದರ ಹೆಗಲಿಗೆ ಬಿಡುವು. ಹಿಡಿದ ಕೈಗೆ ರೆಂಬೆ ಖಾಲಿಯಾಗುವವರೆಗೂ ಬಿಡುವಿಲ್ಲ. ಭುಜದ ಮಟ್ಟಕ್ಕಿಂತ ಮೇಲೆ, ಮೇಲಕ್ಕೆ ಚಿಮ್ಮಲು ನೋಡುವ ರೆಂಬೆಯನ್ನು ಜಗ್ಗಿಕೊಂಡು, ಹತ್ತಾರು ಸೆಕೆಂಡು ಅಲುಗದೆ ನಿಲ್ಲಬೇಕು. ಅಲುಗದೆ ಹಿಡಿದ ಸ್ನಾಯುವಿನಲ್ಲಿ ಒಳಒತ್ತಡ ಏರಿ ರಕ್ತದ ಓಟ ತಗ್ಗುತ್ತದೆ. ಆಡುವ ಕೈಗಿಂತ ನಿಂತ ಕೈ ಬೇಗ ಸೋಲುವುದು ಇದರಿಂದ.

ಅಳತೆಯ ಹಾಳೆಯಲ್ಲಿ "ಎಡ", "ಬಲ" ಎಂದು ಬರೆಯದೆ "ಹಿಡಿಯುವ ಕೈ", "ಕೀಳುವ ಕೈ" ಎಂದೇ ಬರೆಯಬೇಕು. ಎಡಚರು ಇರುತ್ತಾರೆ. ಕೆಲವರು ಸಾಲಿನ ಮಧ್ಯೆ ಕೈ ಬದಲಿಸುತ್ತಾರೆ. ಎಡಗೈಗಳನ್ನೆಲ್ಲ ಸೇರಿಸಿ ಸರಾಸರಿ ತೆಗೆದರೆ ಇಡೀ ವ್ಯತ್ಯಾಸ ಕರಗಿಹೋಗುತ್ತದೆ. ಈ ಪ್ರಕರಣದ ಕೆಲಸಗಾರ್ತಿ ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಕೀಳುವವರು.

ಕೈಗಡಿಯಾರದ ಬಗೆಯ ನಾಡಿಮಾಪಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹಣ್ಣು ಕೊಯ್ಯುವುದು ಏದುಸಿರು ಬರಿಸುವ ಕೆಲಸವಲ್ಲ, ಹೃದಯ ಬಡಿತ ಅಷ್ಟೇನೂ ಏರದು. ಗಡಿಯಾರ "ಹಗುರ ಕೆಲಸ" ಎಂದೇ ಹೇಳುತ್ತದೆ, ಹೆಗಲು ಮಾತ್ರ ಕಚ್ಚುತ್ತಿರುತ್ತದೆ. ಸಾಲದ್ದಕ್ಕೆ ಬೆಳಕಿನಿಂದ ನಾಡಿ ಹಿಡಿಯುವ ಸೆನ್ಸರು, ಬೆರಳು ಬಿಗಿಹಿಡಿದಾಗ ಮತ್ತು ಮಣಿಕಟ್ಟು ತಿರುಗಿದಾಗ ತಪ್ಪು ಓದುತ್ತದೆ.

ಏನನ್ನು ಅಳೆಯುತ್ತಿದ್ದೇವೆ

ಸ್ನಾಯುವಿನ ಎಳೆಗಳು ಬಿಗಿಯುವಾಗ ಅವುಗಳ ಉದ್ದಕ್ಕೂ ವಿದ್ಯುತ್ ಅಲೆ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ಹರಿಯುತ್ತದೆ. ಅದರ ನೆರಳು ಚರ್ಮದ ಮೇಲೆ ಮೈಕ್ರೋವೋಲ್ಟ್‌ಗಳಲ್ಲಿ ಸಿಗುತ್ತದೆ, ಅದೇ ಇಎಮ್‌ಜಿ. ದಣಿದಂತೆ ಎರಡು ಬದಲಾವಣೆ ಕಾಣುತ್ತವೆ. ಎಳೆಗಳಲ್ಲಿ ಅಲೆಯ ವೇಗ ತಗ್ಗಿ, ಅಲೆ ಅಗಲವಾಗಿ, ಸಂಕೇತದ ಆವರ್ತನಗಳು ಕೆಳಕ್ಕೆ ಜಾರುತ್ತವೆ. ಇದನ್ನು ಮಧ್ಯಾಂಕ ಆವರ್ತನದಿಂದ ಹಿಡಿಯುತ್ತಾರೆ: ಸಂಕೇತದ ಒಟ್ಟು ಶಕ್ತಿಯನ್ನು ಸರಿಯಾಗಿ ಎರಡು ಪಾಲು ಮಾಡುವ ಆವರ್ತನ. ಇನ್ನೊಂದು, ಅಷ್ಟೇ ಬಲಕ್ಕೆ ಹೆಚ್ಚು ಎಳೆಗಳನ್ನು ಕೆಲಸಕ್ಕೆ ಕರೆಯಬೇಕಾಗಿ ಸಂಕೇತದ ಬಲ ಏರುತ್ತದೆ.

ಎರಡನ್ನೂ ಜೊತೆಗಿಟ್ಟು ಓದಬೇಕು. ಸಂಕೇತದ ಬಲ ಏರಿ ಆವರ್ತನ ಇಳಿದರೆ ದಣಿವು. ಎರಡೂ ಏರಿದರೆ ಕೈಗೆ ಹೊರೆ ಹೆಚ್ಚಾಗಿದೆ, ಎರಡೂ ಇಳಿದರೆ ಹೊರೆ ತಗ್ಗಿದೆ. ಬಲ ಇಳಿದು ಆವರ್ತನ ಏರಿದರೆ ಚೇತರಿಕೆ. ಒಂದೇ ಅಂಕಿ ಹಿಡಿದುಕೊಂಡು "ಶೇ. ಇಷ್ಟು ದಣಿವು" ಎಂದು ತೋರಿಸುವ ಆ್ಯಪ್‌ಗಳನ್ನು ನಂಬುವುದು ಕಷ್ಟ.

ಉಪಕರಣ

ಅಗ್ಗದ ಭಾಗಗಳಲ್ಲೇ ಇದನ್ನು ಕಟ್ಟಬಹುದು, ಆದರೆ ತಪ್ಪು ಭಾಗ ಕೊಳ್ಳುವುದೂ ಅಷ್ಟೇ ಸುಲಭ. ಎಡಿ8232 ಹಲಗೆ ಹೃದಯದ ಸಂಕೇತಕ್ಕಾಗಿ ಮಾಡಿದ್ದು. ಅಂಗಡಿಯಲ್ಲಿ ಸಿಗುವ ರೂಪದಲ್ಲಿ ಸುಮಾರು 40 ಹರ್ಟ್ಸ್ ಮೇಲಿನದನ್ನೆಲ್ಲ ಸೋಸಿಬಿಡುತ್ತದೆ. ಸ್ನಾಯು ದಣಿವು ಓದಲು ಬೇಕಾದದ್ದು 20ರಿಂದ 450 ಹರ್ಟ್ಸ್, ಅಂದರೆ ಬೇಕಾದದ್ದೇ ಹೋಯಿತು. ಮಯೋವೇರ್ ಎಂಬ ಸ್ನಾಯು ಸೆನ್ಸರಿನ ಹೊರರೇಖೆಯ ಪಿನ್ನಿನಿಂದ ಓದಿದರೆ ಬಲ ಮಾತ್ರ ಸಿಗುತ್ತದೆ, ಆವರ್ತನ ಸಿಗದು. ಕಚ್ಚಾ ಸಂಕೇತದ ಪಿನ್ನನ್ನೇ ಬಳಸಬೇಕು.

ಇಲ್ಲಿ ಆರಿಸಿದ್ದು ಎರಡು ಚಾನೆಲ್ಲಿನ, 24 ಬಿಟ್‌ನ ಎಡಿಎಸ್1292ಆರ್ ಚಿಪ್ಪು, ಅದನ್ನು ನಡೆಸಲು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಚಿಪ್ಪು, ಒಂದು ಎಸ್‌ಡಿ ಕಾರ್ಡು, 1000 ಮಿಲಿಆಂಪ್ ಅವರ್‌ನ ಲಿಥಿಯಂ ಬ್ಯಾಟರಿ. ಎರಡೂ ಹೆಗಲು ಒಂದೇ ಚಿಪ್ಪಿಗೆ ಸೇರಿದ್ದರಿಂದ ಸಮಯ ಹೊಂದಿಸುವ ತಲೆನೋವಿಲ್ಲ. ಹಿಡಿಯುವ ಕೈಯ ರಟ್ಟೆಗೆ ಎಂಪಿಯು6050 ಎಂಬ ಚಲನೆಯ ಸೆನ್ಸರು, ಸೆಕೆಂಡಿಗೆ 50 ಸಲ ತೋಳಿನ ಕೋನ ಬರೆಯಲು.

ಮಾದರಿ ದರದ, ಅಂದರೆ ಸೆಕೆಂಡಿಗೆ ಎಷ್ಟು ಸಲ ಸಂಕೇತ ಓದಬೇಕೆಂಬುದರ, ವಿಷಯದಲ್ಲಿ ಒಂದು ಎಚ್ಚರ. 450 ಹರ್ಟ್ಸ್‌ಗೆ ಸೆಕೆಂಡಿಗೆ 1000 ಮಾದರಿ ಸಾಕು ಎಂದು ಪುಸ್ತಕದ ಲೆಕ್ಕ ಹೇಳುತ್ತದೆ. ಆದರೆ ಈ ಚಿಪ್ಪಿನೊಳಗಿನ ಸೋಸುವಿಕೆ ಮಾದರಿ ದರದ ಸುಮಾರು ಕಾಲುಭಾಗದವರೆಗೆ ಮಾತ್ರ ಸಂಕೇತವನ್ನು ಸರಿಯಾಗಿ ಬಿಡುತ್ತದೆ. 1000ಕ್ಕೆ ಇಟ್ಟರೆ 262 ಹರ್ಟ್ಸ್‌ಗೇ ಕುಸಿತ. ಹಾಗಾಗಿ 2000ಕ್ಕೆ ಇಡಬೇಕು. ಉಸಿರಾಟ ಅಳೆಯುವ ಅದರ ಸೌಲಭ್ಯವನ್ನು ಆಫ್ ಮಾಡಬೇಕು, ಇಲ್ಲದಿದ್ದರೆ ಮೊದಲ ಚಾನೆಲ್ಲಿಗೆ ಅದರ ಗದ್ದಲ ಸೇರುತ್ತದೆ. ಎರಡು ಚಾನೆಲ್, ಮಾದರಿಗೆ 3 ಬೈಟ್: ಸೆಕೆಂಡಿಗೆ 12 ಕಿಲೋಬೈಟ್, ಎಂಟೂವರೆ ಗಂಟೆಗೆ ಸುಮಾರು 370 ಮೆಗಾಬೈಟ್. ಯಾವ ಕಾರ್ಡಿಗೂ ಇದು ಹೊರೆಯಲ್ಲ. ಹೊರೆಯಾಗುವುದು ಕಾರ್ಡಿನ ತಡವರಿಕೆ. ಬರೆಯುವಾಗ ಅದು ಆಗಾಗ ಕಾಲು ಸೆಕೆಂಡಿನವರೆಗೆ ನಿಂತುಬಿಡಬಹುದು. ಒಂದು ಸೆಕೆಂಡಿನಷ್ಟು ಬಫರ್ (ತಾತ್ಕಾಲಿಕ ಸಂಗ್ರಹ) ಇಟ್ಟು, ಪ್ರತಿ ಮಾದರಿಗೂ ಕ್ರಮಸಂಖ್ಯೆ ಹಾಕಿದರೆ ಬಿಟ್ಟುಹೋದದ್ದು ಗೊತ್ತಾಗುತ್ತದೆ. ಗೊತ್ತಾಗದೆ ಹೋದರೆ ಮುರಿದ ಅಲೆಗಳು ಸೇರಿ ಆವರ್ತನದ ಲೆಕ್ಕವೇ ಕೆಡುತ್ತದೆ.

ಬ್ಲೂಟೂತ್ ಬಿಟ್ಟದ್ದಕ್ಕೂ ಕಾರಣವಿದೆ. 2.4 ಗಿಗಾಹರ್ಟ್ಸ್ ತರಂಗವನ್ನು ಮೈಯ ನೀರು ಹೀರುತ್ತದೆ, ಕಾಫಿ ಗಿಡದ ಹಸಿ ಎಲೆಗಳೂ ಹೀರುತ್ತವೆ. ಕೆಲಸಗಾರ್ತಿ ಗಿಡದ ಆ ಬದಿಗೆ ತಿರುಗಿದರೆ ಸಂಪರ್ಕ ಹೋಯಿತು. ರೇಡಿಯೋ ಆಫ್ ಮಾಡಿದರೆ ಬ್ಯಾಟರಿಯೂ ಸಂಜೆಯವರೆಗೆ ಬರುತ್ತದೆ. ಮೈಗೆ ಎಲೆಕ್ಟ್ರೋಡ್ ಅಂಟಿರುವಾಗ ಚಾರ್ಜರಿಗೋ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಲ್ಯಾಪ್‌ಟಾಪಿಗೋ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಜೋಡಿಸಬಾರದು.

ಎಲೆಕ್ಟ್ರೋಡ್ ಅಂಟಿಸುವುದು

ಅಳೆಯುವ ಸ್ನಾಯು ಟ್ರಪೀಜಿಯಸ್‌ನ ಮೇಲ್ಭಾಗ, ಅಂದರೆ ಕತ್ತಿನಿಂದ ಹೆಗಲಿಗೆ ಹರಡಿದ ಸ್ನಾಯು. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಕಾಣುವ ಏಳನೆಯ ಕಶೇರು ಮತ್ತು ಭುಜದ ತುದಿಯ ಮೂಳೆ, ಇವೆರಡರ ನಡುವೆ ದಾರ ಎಳೆದು ಅದರ ಮಧ್ಯಬಿಂದುವಿನಲ್ಲಿ ಎರಡು ಎಲೆಕ್ಟ್ರೋಡ್, ಮಧ್ಯದಿಂದ ಮಧ್ಯಕ್ಕೆ 20 ಮಿ.ಮೀ., ದಾರದ ದಿಕ್ಕಿನಲ್ಲೇ. ಆಧಾರದ ಎಲೆಕ್ಟ್ರೋಡ್ ಕತ್ತಿನ ಬುಡದ ಆ ಮೂಳೆಯ ಮೇಲೆ. ಇಸಿಜಿಗೆ ಮಾರುವ ದೊಡ್ಡ ಫೋಮ್ ಎಲೆಕ್ಟ್ರೋಡ್ ಇಷ್ಟು ಹತ್ತಿರ ಕೂರುವುದಿಲ್ಲ. ಮಕ್ಕಳ ಅಳತೆಯದು ತರಬೇಕು, ಇಲ್ಲವೇ ಫೋಮಿನ ಅಂಚು ಕತ್ತರಿಸಬೇಕು. ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿಡಬೇಕು. ಮರುದಿನ ಒಂದು ಬೆರಳು ಅತ್ತಿತ್ತ ಅಂಟಿಸಿದರೂ ಅಂಕಿ ಬೇರೆಯಾಗುತ್ತದೆ.

ಮಲೆನಾಡಿನ ಚಳಿಗೆ ಮೈಗೆ ಕೊಬ್ಬರಿ ಎಣ್ಣೆ ಹಚ್ಚಿರುತ್ತಾರೆ, ತಲೆಗೂದಲ ಎಣ್ಣೆಯೂ ಕತ್ತಿಗೆ ಇಳಿದಿರುತ್ತದೆ. ಸಾಬೂನು ನೀರಿನಲ್ಲಿ ಒರೆಸಿ, ಒಣಗಿಸಿ, ಸ್ಪಿರಿಟ್ ಹತ್ತಿಯಲ್ಲಿ ಚರ್ಮ ತುಸು ಕೆಂಪಾಗುವಷ್ಟು ಉಜ್ಜಿ, ಸ್ಪಿರಿಟ್ ಆರಿದ ಮೇಲೆ ಅಂಟಿಸಬೇಕು. ಈ ಜಾಗ ರವಿಕೆಯ ಹೆಗಲಂಚಿನಡಿ ಬರುತ್ತದೆ. ಲೈನಿನ ಕೋಣೆಯಲ್ಲಿ ಬಾಗಿಲು ಹಾಕಿ, ಹೆಣ್ಣುಮಗಳೇ ಅಂಟಿಸಬೇಕು. ತಂತಿಗಳನ್ನು ಅಗಲ ಟೇಪಿನಿಂದ ಬೆನ್ನಿಗೆ ಒತ್ತಿ ಕೂರಿಸಬೇಕು. ತೂಗಾಡುವ ತಂತಿ ಪ್ರತಿ ಹೆಜ್ಜೆಯನ್ನೂ ಸಂಕೇತವಾಗಿ ಬರೆಯುತ್ತದೆ. ಹಣ್ಣಿನ ಚೀಲದ ಪಟ್ಟಿ ಹೆಗಲ ಮೇಲೆ ಬರದಂತೆ ಸೊಂಟಕ್ಕೇ ಕಟ್ಟಿಸಬೇಕು.

ಕೂಲಿಯ ಮಾತನ್ನೂ ಮೊದಲೇ ಮುಗಿಸಬೇಕು. ಕೆ.ಜಿ. ಲೆಕ್ಕದಲ್ಲಿ ಕೊಯ್ಯುವವರಿಗೆ ಅಳತೆಯ ದಿನ ಪ್ರತಿ ನಿಲುಗಡೆಯಲ್ಲೂ ನಷ್ಟ. ಆ ದಿನಕ್ಕೆ ಅವರ ಒಳ್ಳೆಯ ದಿನದ ತೂಕವನ್ನೇ ಕಟ್ಟಿಕೊಡಬೇಕು. ಯಾರದೇ ಒಬ್ಬರ ಅಳತೆ ತೋಟದ ಲೆಕ್ಕ ಬರೆಯುವ ರೈಟರ ಕೈಗೆ ಹೋಗುವುದಿಲ್ಲ ಎಂಬ ಭರವಸೆಯನ್ನು ಕೊಟ್ಟು, ಉಳಿಸಿಕೊಳ್ಳಬೇಕು. ಇಲ್ಲದಿದ್ದರೆ "ಏನಿಲ್ಲ ಬಿಡಿ" ಎಂಬುದೇ ಕೊನೆಯವರೆಗೂ ಉತ್ತರ.

ದಿನದ ಅಳತೆ

ಕೊಯ್ಯುತ್ತಿರುವಾಗಿನ ಸಂಕೇತದಿಂದ ನೇರವಾಗಿ ದಣಿವು ಓದಲು ಹೋಗಬಾರದು. ತೋಳಿನ ಕೋನ ಬದಲಾದರೆ, ಕೈ ಹಾಕುವ ಬಲ ಬದಲಾದರೆ, ಚರ್ಮದಡಿ ಸ್ನಾಯು ಸರಿದರೆ, ಮಧ್ಯಾಂಕ ಆವರ್ತನವೂ ಬದಲಾಗುತ್ತದೆ, ದಣಿವಿದ್ದರೂ ಇಲ್ಲದಿದ್ದರೂ. ಆದ್ದರಿಂದ ಸುಮಾರು ಒಂದೂವರೆ ಗಂಟೆಗೊಮ್ಮೆ ಕೆಲಸ ನಿಲ್ಲಿಸಿ ಒಂದೇ ಬಗೆಯ ಪರೀಕ್ಷೆ: ಎರಡೂ ಕೈಗೆ ಒಂದೊಂದು ಲೀಟರ್ ನೀರಿನ ಬಾಟಲಿ, ತೋಳುಗಳನ್ನು ಪಕ್ಕಕ್ಕೆ, ತುಸು ಮುಂದಕ್ಕೆ, ಭುಜದ ಮಟ್ಟಕ್ಕೆ ಎತ್ತಿ 20 ಸೆಕೆಂಡು. ಎತ್ತರ ತಪ್ಪದಿರಲು ಎರಡು ಸಿಲ್ವರ್ ಓಕ್ ಮರಗಳ ನಡುವೆ ಆ ಮಟ್ಟಕ್ಕೆ ಹಗ್ಗ ಕಟ್ಟಿ, ಮಣಿಕಟ್ಟು ಹಗ್ಗಕ್ಕೆ ತಾಗಿಯೂ ತಾಗದಂತೆ ನಿಲ್ಲಿಸಬೇಕು. ಮೊದಲ 3, ಕೊನೆಯ 2 ಸೆಕೆಂಡು ಬಿಟ್ಟು ಉಳಿದ 15 ಸೆಕೆಂಡನ್ನು ಒಂದೊಂದು ಸೆಕೆಂಡಿನ ತುಂಡುಗಳಾಗಿ, ಅರ್ಧ ಅರ್ಧ ಒಂದರ ಮೇಲೊಂದು ಬರುವಂತೆ ಕತ್ತರಿಸಿ, ಪ್ರತಿ ತುಂಡಿನ ಮಧ್ಯಾಂಕ ಆವರ್ತನ ತೆಗೆದು ಸರಾಸರಿ ಮಾಡಬೇಕು. ಪೂರ್ಣ ಶಕ್ತಿ ಹಾಕಿಸುವ ಪರೀಕ್ಷೆಯನ್ನು ಬೇಕೆಂದೇ ಬಿಡಲಾಗಿದೆ. ನೋವಿರುವ ಹೆಗಲು ಪೂರ್ಣ ಶಕ್ತಿ ಹಾಕುವುದಿಲ್ಲ, ಹಾಕಿಸುವುದೂ ಸರಿಯಲ್ಲ. ಪ್ರತಿ ಪರೀಕ್ಷೆಯ ಜೊತೆಗೆ ದಣಿವು ಎಷ್ಟೆಂದು ತಾವೇ ಹೇಳುವ ಬೋರ್ಗ್‌ನ 0ರಿಂದ 10ರ ಮಾಪನದಲ್ಲಿ ಒಂದು ಪ್ರಶ್ನೆ: "ಅಕ್ಕ, ಎಡ ಹೆಗಲು ಎಷ್ಟು? ಬಲ ಎಷ್ಟು?"

ಹಿಡಿಯುವ ಕೈಯ ಹೆಗಲಿನ ಮಧ್ಯಾಂಕ ಆವರ್ತನ, ಮುಂದೆ ಸಂಕೇತದ ಬಲ (8:00ರದನ್ನು 100 ಎಂದಿಟ್ಟು), ಕೊನೆಯಲ್ಲಿ ಅವರೇ ಹೇಳಿದ ಅಂಕಿ:

ಬೆಳಿಗ್ಗೆ 8:00 – 71 ಹರ್ಟ್ಸ್, ಶೇ. 100, ಅರ್ಧ
9:45 – 75 ಹರ್ಟ್ಸ್, ಶೇ. 98, 1
11:30 – 72 ಹರ್ಟ್ಸ್, ಶೇ. 107, 2
ಊಟಕ್ಕೆ ಮೊದಲು 1:00 – 68 ಹರ್ಟ್ಸ್, ಶೇ. 118, 3
ಊಟದ ನಂತರ 1:40 – 71 ಹರ್ಟ್ಸ್, ಶೇ. 109, 2
3:00 – 65 ಹರ್ಟ್ಸ್, ಶೇ. 126, 4
4:30 – 62 ಹರ್ಟ್ಸ್, ಶೇ. 134, 5

ಕೀಳುವ ಕೈಯ ಹೆಗಲು 9:45ಕ್ಕೆ 77 ಹರ್ಟ್ಸ್ ಇದ್ದದ್ದು 4:30ಕ್ಕೆ 73, ಸಂಕೇತದ ಬಲ ಶೇ. 106.

ಮೊದಲ ಎರಡು ಸಾಲು ನೋಡಿ. ಸುಮಾರು ಎರಡು ಗಂಟೆ ಕೆಲಸ ಮಾಡಿದ ಮೇಲೆ ಆವರ್ತನ ಇಳಿಯುವ ಬದಲು ಏರಿದೆ. ದಣಿವು ತಿರುಗಿ ಓಡಿತೆಂದಲ್ಲ. ಜನವರಿಯ ಬೆಳಿಗ್ಗೆ ಇಬ್ಬನಿಯಲ್ಲಿ ಸ್ನಾಯು ತಣ್ಣಗಿರುತ್ತದೆ, ಬಿಸಿಲೇರಿ ಕೆಲಸ ಕೂಡಿದಂತೆ ಬಿಸಿಯಾಗುತ್ತದೆ. ಬಿಸಿ ಸ್ನಾಯುವಿನಲ್ಲಿ ಅಲೆಯ ವೇಗ ಹೆಚ್ಚು. ಎಂಟು ಗಂಟೆಯ 71ನ್ನು ಆಧಾರ ಮಾಡಿಕೊಂಡರೆ ಮಧ್ಯಾಹ್ನ ಒಂದಕ್ಕೆ ಇಳಿತ ಶೇ. 4 ಮಾತ್ರ. 9:45ರ 75ನ್ನು ಆಧಾರ ಮಾಡಿದರೆ ಶೇ. 9, ಸಂಜೆಗೆ ಶೇ. 17. ಬಯಲುಸೀಮೆಯ ಬೇಸಿಗೆಯಲ್ಲಿ ಈ ತಪ್ಪು ಅಷ್ಟಾಗಿ ಕಾಣದು. ಇಲ್ಲಿ ಅದೇ ಇಡೀ ಫಲಿತಾಂಶವನ್ನು ಮುಚ್ಚಿಬಿಡಬಲ್ಲದು. ಚರ್ಮದ ಉಷ್ಣತೆ ಅಳೆಯುವ ಸಣ್ಣ ಥರ್ಮಿಸ್ಟರನ್ನು ಎಲೆಕ್ಟ್ರೋಡಿನ ಪಕ್ಕ ಅಂಟಿಸಿ, ಅದು ಏರುವುದು ನಿಂತ ಮೇಲಿನ ಮೊದಲ ಪರೀಕ್ಷೆಯನ್ನೇ ಆಧಾರವಾಗಿ ಹಿಡಿಯುವುದು ಮೇಲು.

ಊಟದ ಬಿಡುವಿನ ಸಾಲೂ ಗಮನಿಸತಕ್ಕದ್ದು. ನಲವತ್ತು ನಿಮಿಷಕ್ಕೆ 68ರಿಂದ 71ಕ್ಕೆ ಮಾತ್ರ ಏರಿದೆ, 75ಕ್ಕೆ ಮರಳಿಲ್ಲ. ಹೆಗಲು ಅರ್ಧ ದಣಿದೇ ಮತ್ತೆ ಗಿಡದ ಬುಡಕ್ಕೆ ಬಂದಿದೆ, ಹಾಗಾಗಿ ಮೂರು ಗಂಟೆಯ ಹೊತ್ತಿಗೆ ಬೇಗ ಕುಸಿದಿದೆ. ಊಟದ ನಂತರ ತೂಕ ಇಳಿಯುವುದಕ್ಕೆ ಬಿಸಿಲೊಂದೇ ಕಾರಣವಾಗಿದ್ದರೆ ಎರಡು ಹೆಗಲೂ ಒಟ್ಟಿಗೆ ಇಳಿಯಬೇಕಿತ್ತು. ಹೆಚ್ಚಾಗಿ ಇಳಿದದ್ದು ಒಂದೇ. ತೋಳಿನ ಕೋನದ ದಾಖಲೆಯೂ ಇದಕ್ಕೆ ಸೇರುತ್ತದೆ: ಹಿಡಿಯುವ ತೋಳು ಕೊಯ್ಲಿನ ಅರ್ಧಕ್ಕಿಂತ ಹೆಚ್ಚು ಹೊತ್ತು 60 ಡಿಗ್ರಿ ಮೇಲಿತ್ತು.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಬೇಕು. ನಿರಂತರ ಹೊರೆ ಪೂರ್ಣ ಶಕ್ತಿಯ ಶೇ. 2ರಿಂದ 5 ಮೀರಬಾರದು ಎಂಬ ಮಿತಿಯನ್ನು ಸ್ವೀಡನ್ನಿನ ಸಂಶೋಧಕ ಯೋನ್ಸನ್ 1978ರಲ್ಲಿ ಮುಂದಿಟ್ಟರು. ಅದು ಪೂರ್ಣ ಶಕ್ತಿಯ ಲೆಕ್ಕ. ಬಾಟಲಿ ಹಿಡಿದ ಪರೀಕ್ಷೆಯನ್ನು 100 ಎಂದು ಇಟ್ಟುಕೊಂಡವರು ಆ ಮಿತಿಯನ್ನು ತಮ್ಮ ಅಂಕಿಗೆ ಹೊಂದಿಸಿದರೆ ತಪ್ಪಾಗುತ್ತದೆ, ಎರಡರ 100 ಬೇರೆ ಬೇರೆ.

ಕೆಡುವುದು ಎಲ್ಲಿ

ಮೇಲಿನ ಪಟ್ಟಿಗೂ ಹಿಂದಿನ, ಮೊದಲ ದಿನದ ಅಳತೆ ಕಸಕ್ಕೆ ಹೋಯಿತು. 11:30ರ ಪರೀಕ್ಷೆಯಲ್ಲಿ ಹಿಡಿಯುವ ಕೈಯ ಆವರ್ತನ ಒಮ್ಮೆಗೇ 40ರ ಆಸುಪಾಸಿಗೆ ಬಿತ್ತು, ಬಲ ಮೂರು ಪಟ್ಟಾಯಿತು. ನೋಡಲು ಪುಸ್ತಕದಲ್ಲಿ ಬರೆದ ದಣಿವಿನಂತೆಯೇ. ನಿಜಕ್ಕೂ ಆದದ್ದು ಬೆವರಿಗೆ ಎಲೆಕ್ಟ್ರೋಡಿನ ಅಂಚು ಎದ್ದು, ರವಿಕೆ ಉಜ್ಜಿ, ನಿಧಾನದ ಅಲುಗಾಟವೆಲ್ಲ ಸಂಕೇತವಾಗಿ ಬಂದದ್ದು. ಗುರುತಿಸುವ ಬಗೆ: ದಣಿವು ಮೆಟ್ಟಿಲಿಳಿದಂತೆ ಬರುತ್ತದೆ, ಬಿಡುವಿನಲ್ಲಿ ಸ್ವಲ್ಪ ಹಿಂದಿರುಗುತ್ತದೆ. ಕಿತ್ತುಬಂದ ಎಲೆಕ್ಟ್ರೋಡ್ ಒಮ್ಮೆಲೇ ಬೀಳುತ್ತದೆ, ಹಿಂದಿರುಗುವುದೇ ಇಲ್ಲ. ಬೆವರು ಎರಡು ಎಲೆಕ್ಟ್ರೋಡಿನ ನಡುವೆ ಸೇತುವೆ ಕಟ್ಟಿದರೆ ಉಲ್ಟಾ ತಪ್ಪು, ಬಲ ಕುಗ್ಗಿ ಹೆಗಲು ಹಗುರಾದಂತೆ ಕಾಣುತ್ತದೆ. ಪ್ರತಿ ಪರೀಕ್ಷೆಗೆ ಮೊದಲು ಕೈ ಇಳಿಬಿಟ್ಟು ಹತ್ತು ಸೆಕೆಂಡು ಸುಮ್ಮನೆ ನಿಲ್ಲಿಸಿ ತಳದ ಗದ್ದಲ ನೋಡಿದರೆ ಎರಡೂ ಸಿಕ್ಕಿಬೀಳುತ್ತವೆ.

ಎಡ ಹೆಗಲಿಗೆ ಹೃದಯದ ಬಡಿತವೂ ನುಸುಳುತ್ತದೆ. ಅದರ ಶಕ್ತಿ ಬಹುಪಾಲು ಕೆಳಗಿನ ಆವರ್ತನಗಳಲ್ಲಿರುವುದರಿಂದ ಸ್ನಾಯುವಿನ ಮಧ್ಯಾಂಕವನ್ನು ಕೆಳಕ್ಕೆಳೆಯುತ್ತದೆ, ಅದೂ ನಮಗೆ ಬೇಕಾದ ಹೆಗಲಿನಲ್ಲೇ. 30 ಹರ್ಟ್ಸ್ ಕೆಳಗಿನದನ್ನು ಸೋಸುವುದು ರೂಢಿ. ಸೋಸಿದರೆ ಅಂಕಿ ತುಸು ಮೇಲೇರುತ್ತದೆ, ಆದ್ದರಿಂದ ಎರಡೂ ಹೆಗಲಿಗೆ, ಎಲ್ಲ ದಿನಕ್ಕೆ, ಒಂದೇ ಸೋಸುವಿಕೆ ಇರಬೇಕು. ಕರೆಂಟಿನ 50 ಹರ್ಟ್ಸ್ ಗುಂಯ್ಗುಟ್ಟುವಿಕೆಯನ್ನು ಕತ್ತರಿಸುವ ಫಿಲ್ಟರ್ ಮಾತ್ರ ಬೇಡ. ಈ ಸ್ನಾಯುವಿನ ಶಕ್ತಿಯ ದೊಡ್ಡ ಪಾಲು ಅದೇ ಸುತ್ತಿನಲ್ಲಿದೆ. ತೋಟದ ನಡುವೆ ಆ ಗದ್ದಲ ಇರುವುದೂ ಇಲ್ಲ, ಪಂಪ್‌ಹೌಸ್ ಅಥವಾ ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಬಳಿ ಪರೀಕ್ಷೆ ಮಾಡದಿದ್ದರಾಯಿತು.

ಕೊಕ್ಕೆ

ಪರಿಹಾರವಾಗಿ ನೋಡಿದ್ದು ರೆಂಬೆ ಹಿಡಿಯುವ ಕೆಲಸವನ್ನು ಕೈಯಿಂದ ತೆಗೆಯುವುದು. ಕಾಫಿ ಕಟ್ಟಿಗೆಯ ಕವಲಿನಿಂದ ಕೊಕ್ಕೆ, ಒಳಬದಿಗೆ ಹಳೆಯ ಸೈಕಲ್ ಟ್ಯೂಬಿನ ಸುತ್ತು, ಅದಕ್ಕೆ ಎರಡು ಮೀಟರ್ ಹಗ್ಗ. ಮೊದಲು ಹಗ್ಗದ ತುದಿಯ ಕುಣಿಕೆಗೆ ಪಾದ ಸಿಕ್ಕಿಸಿ ರೆಂಬೆ ಬಗ್ಗಿಸುವ ಯೋಚನೆಯಿತ್ತು. ಇಳಿಜಾರಿನಲ್ಲಿ ಒಂದು ಕಾಲು ಕಟ್ಟಿಹಾಕಿಕೊಂಡಂತಾಗುತ್ತದೆ, ಕೈಬಿಡಲಾಯಿತು. ಹಗ್ಗವನ್ನು ಅದೇ ಗಿಡದ ಬೊಡ್ಡೆಗೆ ಒಂದು ಸುತ್ತು ಹಾಕಿ ಮರದ ಗೂಟದಿಂದ ಬಿಗಿಯುವುದು ಸರಿಹೋಯಿತು. ಕೊಕ್ಕೆಯನ್ನು ರೆಂಬೆಯ ನಡುಭಾಗಕ್ಕೆ ಹಾಕಿ ನಿಧಾನ ಎಳೆಯಬೇಕು. ಜಗ್ಗಿದರೆ ಕಾಂಡದ ಕೀಲಿನಲ್ಲೇ ಸೀಳುತ್ತದೆ, ಮುಂದಿನ ವರ್ಷದ ಫಸಲು ಬರುವುದು ಅದೇ ರೆಂಬೆಯ ಹೊಸ ಬೆಳವಣಿಗೆಯಲ್ಲಿ.

ಹೋಲಿಕೆಗೆ ಅದೇ ಕೆಲಸಗಾರ್ತಿ, ಅದೇ ಬ್ಲಾಕಿನ ಪಕ್ಕದ ಸಾಲು, ದಿನ ಬಿಟ್ಟು ದಿನ. ಒಬ್ಬರ ಆವರ್ತನವನ್ನು ಇನ್ನೊಬ್ಬರದರ ಜೊತೆ ಹೋಲಿಸಬಾರದು. ಚರ್ಮದಡಿಯ ಕೊಬ್ಬಿನ ಪದರವೊಂದೇ ಸಾಕು ಲೆಕ್ಕ ತಪ್ಪಿಸಲು. ಮೊದಲೆರಡು ದಿನ ಕೊಕ್ಕೆ ಹಾಕಿ ಬಿಡಿಸುವುದರಲ್ಲೇ ಹೊತ್ತು ಹೋಗಿ ತೂಕ ಕಡಿಮೆ ಬಂತು. ಆ ದಿನಗಳನ್ನು ಕಲಿಕೆಯ ಲೆಕ್ಕಕ್ಕೆ ಬಿಟ್ಟು ಮೂರನೆಯ ಕೊಕ್ಕೆ ದಿನ ನೋಡಿದರೆ, ಹಿಡಿಯುತ್ತಿದ್ದ ಹೆಗಲಿನ ಸಂಜೆಯ ಇಳಿತ ಶೇ. 17ರಿಂದ 8ಕ್ಕೆ ಬಂದಿತ್ತು. ಕೀಳುವ ಕೈಯದು ಶೇ. 5ರಿಂದ 7ಕ್ಕೆ ಏರಿತ್ತು. ಈಗ ಎರಡು ಕೈಯೂ ಕೀಳುತ್ತಿವೆ, ಎರಡು ಹೆಗಲೂ ಸಮಕ್ಕೆ ಬಂದಿವೆ.

ಇಷ್ಟಾದರೂ ಕೊಕ್ಕೆ ಊರುಗೋಲೇ. ಮೂಲ ಇರುವುದು ಗಿಡದ ಎತ್ತರದಲ್ಲಿ. ಕೊಯ್ಲು ಮುಗಿದ ಮೇಲಿನ ಕಸಿಯಲ್ಲಿ (ರೆಂಬೆ ಸವರುವಾಗ) ಬ್ಲಾಕನ್ನು ಪಾಲು ಮಾಡಿ ವರ್ಷಕ್ಕೊಂದು ಪಾಲು ತಗ್ಗಿಸುತ್ತ ಬಂದರೆ ಫಸಲಿನ ನಷ್ಟವೂ ಹಂಚಿಹೋಗುತ್ತದೆ. ಹೊಸದಾಗಿ ನೆಡುವ ಜಾಗಕ್ಕೆ ಗಿಡ್ಡ ಬೆಳೆಯುವ ಸಿ×ಆರ್ (ಕಾಂಜೆನ್ಸಿಸ್ × ರೋಬಸ್ಟಾ) ತಳಿ ಇದೆ. ಅಲ್ಲಿಯವರೆಗೆ ಎತ್ತರದ ಸಾಲಿನ ಮಧ್ಯೆ ತಗ್ಗಿನ ಗಿಡಗಳನ್ನೂ, ನೆಲಕ್ಕೆ ಉದುರಿದ ಹಣ್ಣು ಹೆಕ್ಕುವುದನ್ನೂ ಸೇರಿಸಿ ಕೆಲಸ ಹಂಚುವುದು ಮೇಸ್ತ್ರಿಯ ಕೈಯಲ್ಲೇ ಇದೆ, ಇದಕ್ಕೆ ಕಾಸೂ ಬೇಕಿಲ್ಲ.

ಕೊಕ್ಕೆಯ ದಿನಗಳ ಸಂಜೆಯ ಪ್ರಶ್ನೆಗೆ ಹೆಗಲು 2 ಎಂದವರು, ಕೇಳದೆಯೇ ಮುಂಗೈ ತೋರಿಸಿದರು. ಎರಡು ಕೈಯೂ ಕೀಳಲು ಶುರುವಾದ ಮೇಲೆ ಬೆರಳಾಡಿಸುವ ಮುಂಗೈ ಸ್ನಾಯುಗಳಿಗೆ ಕೆಲಸ ಹೆಚ್ಚಿರಬೇಕು, ಅಲ್ಲಿ ಸೆನ್ಸರ್ ಇರಲಿಲ್ಲ. ಮುಂದಿನ ಸುತ್ತಿಗೆ ಹೆಗಲಿನ ಒಂದು ಚಾನೆಲ್ಲನ್ನು ಮೊಣಕೈ ಕೆಳಗೆ, ಮುಂಗೈಯ ಹೊರಬದಿಗೆ ಇಳಿಸಬೇಕು. ಹತ್ತು ಗಂಟೆಯವರೆಗೆ ಎಲೆಯ ಇಬ್ಬನಿ ತೋಳಿಗೆ ಹರಿಯುತ್ತದೆ, ಆಮೇಲೆ ಹಣ್ಣಿನ ಅಂಟು. ಎಲೆಕ್ಟ್ರೋಡಿನ ಮೇಲೆ ನೀರು ತಡೆಯುವ ತೆಳು ಪ್ಲಾಸ್ಟಿಕ್ ಪಟ್ಟಿ ಹಾಕಿ, ಅದರ ಮೇಲೆ ತುಂಬುತೋಳಿನ ಅಂಗಿ ತೊಡಿಸಿಯೇ ಶುರುಮಾಡಬೇಕು.